ಒಪ್ಪಿಗೆಯ ಕಾಗದ

ಬ್ಯಾಲಂಟೈನ್, ಶಾರ್ಲಟ್
20 ಅಕ್ಟೋಬರ್ 2024, ಭಾನುವಾರ

ಚಿ. ಮಧುರಾಳಿಗೆ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಆರೋಗ್ಯವಾಗಿದ್ದೇವೆ. ನೀನಿರುವ ಊರು ಆಲ್ಡಿಯಲ್ಲಿ ಆಗಲೇ ಬೆಳಗಿನ ಹೊತ್ತು ಚಳಿ ಇರಬೇಕು. ನೀನು ಒದ್ದೆ ತಲೆಯಲ್ಲೇ ಕಾರು ಹತ್ತುವವಳು, ಹೇಳಿ ಪ್ರಯೋಜನವಿಲ್ಲ, ಆದರೂ ಹೇಳಿದ್ದೇನೆ. ಕೈಬರಹದ ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ ಎಂದು ಗೊತ್ತು. ನೀನು ಅಳುತ್ತಿದ್ದರೂ ಬಿಡದೆ ಪ್ರತಿ ಶನಿವಾರ ಕೂಡಿಸಿ ಕಾಗುಣಿತ ತಿದ್ದಿಸಿದ್ದು ಇಂಥ ದಿನಕ್ಕೇ ಇರಬೇಕು. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಕೂಗಾಡುತ್ತೇನೆ, ಇಬ್ಬರೂ ಹೇಳಬೇಕಾದ್ದನ್ನು ಹೇಳದೆ ಇಡುತ್ತೇವೆ. ಅದಕ್ಕೇ ಕಾಗದ.

ಮೇಲೆ ‘ಚಿ. ಸೌ.’ ಎಂದು ಬರೆಯಲು ಹೊರಟು ಪೆನ್ನು ನಿಂತಿತು. ಗಂಡನಿಂದ ಬಿಡುಗಡೆಯಾದ ಮಗಳಿಗೆ ‘ಸೌ.’ ಬರೆಯಬೇಕೋ ಬಾರದೋ, ಇಲ್ಲಿ ಯಾರನ್ನು ಕೇಳಲಿ? ಬರೀ ‘ಚಿ.’ ಬರೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಪ್ರಶ್ನೆ ಬಂದು ಹೆಚ್ಚುಕಡಿಮೆ ತಿಂಗಳಾಯಿತು. ತಡವಾದದ್ದಕ್ಕೆ ಕಾರಣ ಬೇಕಾದಷ್ಟು ಕೊಡಬಲ್ಲೆ. ಚಂಡಮಾರುತ ಹೋದಮೇಲೆ ನಮ್ಮ ಚರ್ಚಿನ ಗಂಡಸರೆಲ್ಲ ಹಳದಿ ಟೀ ಶರ್ಟು ಹಾಕಿಕೊಂಡು ಆಶ್ವಿಲ್ ಕಡೆಗೆ ಬಿದ್ದ ಮರ ತೆಗೆಯಲು ಹೋಗುತ್ತಿದ್ದಾರೆ. ನಿಮ್ಮಪ್ಪ ಜನ್ಮದಲ್ಲಿ ಕೊಡಲಿ ಹಿಡಿದವರಲ್ಲ, ಬ್ಯಾಂಕಿನ ಕಂಪ್ಯೂಟರ್ ಬಿಟ್ಟು ಬೇರೆ ಗೊತ್ತಿಲ್ಲ, ಅವರೂ ಹೋಗಿ ಸೊಂಟ ಹಿಡಿಸಿಕೊಂಡು ಬಂದರು. ನಾವು ಹೆಂಗಸರು ಶುಕ್ರವಾರ ಶುಕ್ರವಾರ ನೂರೈವತ್ತು ಸ್ಯಾಂಡ್‌ವಿಚ್ ಕಟ್ಟಿದೆವು. ಇದೆಲ್ಲ ನಿಜವೇ. ಆದರೆ ಒಂದು ಪುಟ ಬರೆಯಲು ಬಿಡುವಿರಲಿಲ್ಲ ಎನ್ನುವುದು ಸುಳ್ಳು. ಅವತ್ತು ‘ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ’ ಎಂದು ಫೋನಿಟ್ಟೆನಲ್ಲ, ಒಲೆಯ ಮೇಲೆ ಏನೂ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಟ್ಯಾನರ್ ಡಿಸೆಂಬರಿನಲ್ಲಿ ಮತ್ತೆ ಮದುವೆಯಾಗುತ್ತಿದ್ದಾನೆ. ಆ ಹುಡುಗಿ ಕೆಲ್ಸಿಯನ್ನು ಟೆಂಪಲ್‌ನಲ್ಲಿ ಸೀಲ್ ಮಾಡಿಕೊಳ್ಳಬೇಕಾದರೆ ಮೊದಲ ಹೆಂಡತಿಗೆ ಏನನಿಸುತ್ತದೆ ಎಂದು ಕೇಳುವುದು ನಮ್ಮ ಚರ್ಚಿನ ಪದ್ಧತಿ. ಅದಕ್ಕೇ ಥ್ಯಾಂಕ್ಸ್‌ಗಿವಿಂಗ್ ಒಳಗೆ ಒಂದು ಕಾಗದ ಬರೆದುಕೊಡು ಎಂದು ನಿನ್ನ ಬಿಷಪ್ ಹೇಳಿದ್ದಾರೆ. ಕೋರ್ಟಿನಲ್ಲಿ ನಿಮ್ಮಿಬ್ಬರ ಡಿವೋರ್ಸ್ ಆಗಿ ಎರಡು ವರ್ಷವಾಯಿತು. ಆದರೆ ಟೆಂಪಲ್‌ನಲ್ಲಿ ಹಾಕಿದ ಗಂಟು ಕೋರ್ಟಿನಲ್ಲಿ ಬಿಚ್ಚುವುದಿಲ್ಲ. ಸೀಲಿಂಗ್ ಎಂದರೆ ನಮ್ಮ ಕಡೆಯವರು ಏಳೇಳು ಜನ್ಮ ಅನ್ನುತ್ತಾರಲ್ಲ, ಅದಕ್ಕಿಂತ ಗಟ್ಟಿ, ಸತ್ತ ಮೇಲೂ ನೀವು ಗಂಡಹೆಂಡಿರೇ ಎಂದು ನಾನೇ ನಿನಗೆ ಹೇಳಿಕೊಟ್ಟಿದ್ದೆ. ಅವನು ನಿನ್ನ ಗಂಟು ಹಾಗೇ ಇಟ್ಟುಕೊಂಡು ಇನ್ನೊಬ್ಬಳನ್ನು ಕಟ್ಟಿಕೊಳ್ಳಬಹುದು. ನೀನು ಇನ್ನೊಬ್ಬನನ್ನು ಕಟ್ಟಿಕೊಳ್ಳಬೇಕಾದರೆ ಮಾತ್ರ ಮೊದಲು ಅವನಿಂದ ಬಿಡಿಸಿಕೊಂಡು ಬರಬೇಕು. ಈ ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ.

‘ಅವನು ನಂಗೆ ಬೇಡ ಅಮ್ಮ. ಆದ್ರೆ ಅವನ ಲಿಸ್ಟಲ್ಲಿ ಫಸ್ಟ್ ವೈಫ್ ಆಗಿ ಫಾರೆವರ್ ಇರೋಕೂ ನಂಗೆ ಆಗಲ್ಲ. ಏನ್ ಬರೀಲಿ?’ ಎಂದು ಕೇಳಿದೆ.

ಬರೆದುಕೊಟ್ಟುಬಿಡು, ಕಂದ. ಆಕ್ಷೇಪಣೆ ಇಲ್ಲ ಎಂದು ಬರೆದುಕೊಡು. ನೀನು ಬೇಡ ಎಂದರೆ ಅವನ ಮದುವೆ ನಿಲ್ಲುವುದಿಲ್ಲ, ನಿನ್ನ ಹೆಸರು ಕೆಡುತ್ತದೆ ಅಷ್ಟೆ. ಹೊಟ್ಟೆಕಿಚ್ಚು ಎನ್ನುತ್ತಾರೆ. ಬಿಡಿಸಿಕೊಡಿ ಎಂದು ನೀನೇ ಅರ್ಜಿ ಹಾಕಿದರೆ ಅದು ಮೇಲಿನವರ ತನಕ ಹೋಗಬೇಕು, ಕಾರಣ ಹೇಳಬೇಕು, ಎರಡು ಸಲ ಮಗು ಹೊಟ್ಟೆಯಲ್ಲೇ ಹೋದದ್ದು, ಅವನು ಎದ್ದು ಹೋದದ್ದು, ಎಲ್ಲ ಮತ್ತೊಮ್ಮೆ ಹರಡಿಕೊಂಡು ಕೂರಬೇಕು. ಬಿಡಿಸಿಕೊಂಡರೆ ಸತ್ತ ಮೇಲೆ ನೀನು ಅಲ್ಲಿ ಒಂಟಿ. ಅದನ್ನು ನಾನು ತಾಳಲಾರೆ. ಎರಡು ಮೂರು ಹೆಂಡಿರ ಪದ್ಧತಿಯನ್ನು ನಮ್ಮ ಚರ್ಚಿನವರು ನಿಲ್ಲಿಸಿ ನೂರಮೂವತ್ತು ವರ್ಷದ ಮೇಲಾಯಿತು. ಕನ್ನಡ ಸಂಘದ ಯುಗಾದಿಯಲ್ಲಿ ಸ್ಮಿತಾ ಆಂಟಿ ‘ಮಾರ್ಮನ್ಸ್ ಅಂದ್ರೆ ನಾಲ್ಕ್ ನಾಲ್ಕ್ ಹೆಂಡ್ತೀರು ಅಲ್ವೇನ್ರೀ’ ಎಂದು ಒಬ್ಬಟ್ಟು ಬಡಿಸುತ್ತಾ ಕೇಳಿದಾಗ ನಾನು ಕೊಟ್ಟ ಉತ್ತರ ನಿನಗೆ ನೆನಪಿರಬೇಕು. ಭೂಮಿಯ ಮೇಲೆ ಯಾರಿಗೂ ಇಬ್ಬರಿಲ್ಲ. ಅಲ್ಲಿನದನ್ನು ದೇವರು ನೋಡಿಕೊಳ್ಳುತ್ತಾನೆ. ನಿಮ್ಮಪ್ಪನೂ ಅದನ್ನೇ ಹೇಳಿದರು: ‘ಒಂದು ಕಾಗದ ತಾನೇ ಶ್ರೀ, ಬರ್ಕೊಟ್ಟು ಮುಗಿಸ್ಲಿ.’

ನಿನಗೆ ಕಷ್ಟವಾಗಬಾರದೆಂದು ನಾನೇ ಇಂಗ್ಲಿಷಿನಲ್ಲಿ ಒಂದು ಕರಡು ಬರೆದು ಇದರ ಜೊತೆ ಇಟ್ಟಿದ್ದೇನೆ. ಆರೇ ಸಾಲು. ‘ನನಗೆ ಯಾವ ಆಕ್ಷೇಪಣೆಯೂ ಇಲ್ಲ, ಇಬ್ಬರಿಗೂ ಒಳ್ಳೆಯದಾಗಲಿ’ ಎನ್ನುವಷ್ಟು. ನೀನು ಬೇರೆ ಹಾಳೆಯಲ್ಲಿ ಇಳಿಸಿಕೊಂಡು ಸಹಿ ಹಾಕಿದರೆ ಸಾಕು.

ಸರಿಯಾಗಿ ಊಟ ಮಾಡು. ಹುಣಸೆಹಣ್ಣಿನ ಗೊಜ್ಜು ಕಳಿಸಿದ್ದೇನೆ, ಫ್ರಿಜ್ಜಿನಲ್ಲಿಡು.

ನಿನ್ನ ಒಳ್ಳೆಯದನ್ನೇ ಬಯಸುವ
ಅಮ್ಮ


ಬ್ಯಾಲಂಟೈನ್, ಶಾರ್ಲಟ್
14 ನವೆಂಬರ್ 2024, ಗುರುವಾರ

ನನ್ನ ಪುಟ್ಟಿ,

ಮಿಕ್ಕ ಮಾತು ಆಮೇಲೆ. ಮೊದಲು ನಾನು ಕಳಿಸಿದ ಆ ಕರಡನ್ನು ಹರಿದುಹಾಕು. ಆಗಲೇ ಸಹಿ ಮಾಡಿ ಕೊಟ್ಟಿದ್ದರೆ ನಾಳೆಯೇ ಹೋಗಿ ವಾಪಸು ಕೇಳು. ಅಮ್ಮನಿಗೆ ಬುದ್ಧಿ ಇಲ್ಲ, ಅವಳು ಬರೆದದ್ದು ಎಂದು ಹೇಳು. ನನಗೇನೂ ಅವಮಾನವಿಲ್ಲ.

ಕಾಗದ ಸೇರಿದ ದಿನ ನೀನು ಒಂದೇ ಸಾಲಿನ ಮೆಸೇಜ್ ಕಳಿಸಿದೆ: ‘ಓದಿದೆ ಅಮ್ಮ. ತುಂಬಾ ಚೆನ್ನಾಗಿ ಬರ್ದಿದ್ದೀಯ.’ ಅದಾಗಿ ಹದಿನೈದು ದಿನದ ಮೇಲಾಯಿತು, ಫೋನು ತೆಗೆಯುತ್ತಿಲ್ಲ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ಮಾತನ್ನು ನನಗೆ ಹಿಂದೆ ಇನ್ನೊಬ್ಬರು ಹೇಳಿದ್ದರು. ಅದನ್ನು ಬರೆಯುವುದಕ್ಕೇ ಇವತ್ತು ಕೂತಿರುವುದು. ಆದರೆ ಅಲ್ಲಿಗೆ ಹೋಗುವ ಮೊದಲು ಸಿಸ್ಟರ್ ಮೆರಿಲ್ ವಿಷಯ ಹೇಳಬೇಕು.

ಸಿಸ್ಟರ್ ಮೆರಿಲ್ ನಿನಗೆ ಗೊತ್ತಲ್ಲ, ಚರ್ಚಿನಲ್ಲಿ ನನ್ನ ಪಕ್ಕ ಕೂರುವವರು, ನಿನ್ನ ಮದುವೆಗೆ ಕೌದಿಯಂಥ ಕ್ವಿಲ್ಟ್ ಹೊಲಿದುಕೊಟ್ಟ ಅಜ್ಜಿ. ಈಗ ಎಂಬತ್ತಾರು. ಡ್ರೈವಿಂಗ್ ಬಿಡಿಸಿದ್ದಾರೆ, ಹಾಗಾಗಿ ಮಂಗಳವಾರ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಕಳೆದ ವಾರ ವಾಪಸು ಬರುವಾಗ ‘ಹೆರಾಲ್ಡ್‌ನ ನೋಡಿ ಹೋಗೋಣ, ಹೂ ತಂದಿದ್ದೇನೆ’ ಎಂದರು. ಗಂಡ ಹೋಗಿ ನಾಲ್ಕು ವರ್ಷ. ನಾನು ಆ ಸ್ಮಶಾನಕ್ಕೆ ಹೋಗಿದ್ದು ಅದೇ ಮೊದಲು.

ಕಲ್ಲು ದೊಡ್ಡದು. ನಡುವೆ ಹೆರಾಲ್ಡ್ ಹೆಸರು. ಎಡಕ್ಕೆ ಜೋನ್, 1936ರಿಂದ 1960. ಬಲಕ್ಕೆ ಲೂಯಿಸ್, 1938, ಒಂದು ಅಡ್ಡಗೆರೆ, ಅದರ ಮುಂದೆ ಖಾಲಿ. ಆ ಖಾಲಿಯ ಮುಂದೆ ಲೂಯಿಸ್ ಮೆರಿಲ್ ಕೋಲೂರಿಕೊಂಡು ನಿಂತಿದ್ದರು. ಜೋನ್ ಮೊದಲ ಹೆಂಡತಿಯಂತೆ, ಇಪ್ಪತ್ತನಾಲ್ಕಕ್ಕೆ ಹೋದವಳು. ದೇಹ ಐಡಹೋದಲ್ಲಿದೆ, ಹೆಸರು ಮಾತ್ರ ಇಲ್ಲಿಗೂ ಬಂದಿದೆ. ಹೆರಾಲ್ಡ್ ಹಾಗೆ ಹೇಳಿ ಹೋಗಿದ್ದರಂತೆ. ಇಬ್ಬರೂ ಅವರಿಗೆ ಸೀಲ್ ಆದವರೇ. ಇಪ್ಪತ್ತಮೂರು ವರ್ಷ ಅವರ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡಿದ್ದೇನೆ, ನನಗೆ ಇದು ಗೊತ್ತೇ ಇರಲಿಲ್ಲ.

‘ಐವತ್ತೆಂಟು ವರ್ಷ ಅವನ ಜೊತೆ ಬಾಳಿದೆ. ಅವಳು ಬಾಳಿದ್ದು ಹದಿನೆಂಟು ತಿಂಗಳು’ ಎಂದರು. ‘ಆದರೆ ಅವಳು ಅಲ್ಲಿ ಅರವತ್ತು ವರ್ಷದಿಂದ ಕಾಯುತ್ತಿದ್ದಾಳೆ. ನಾನು ಹೋಗಿ ಬಾಗಿಲು ತಟ್ಟಬೇಕು. ಯಾರು ತೆಗೆಯುತ್ತಾರೋ.’ ಅತ್ತುಕೊಂಡು ಹೇಳಿದ್ದಲ್ಲ, ಬಸ್ಸಿನ ಸಮಯ ಹೇಳುವ ಹಾಗೆ ಹೇಳಿದರು. ಆಮೇಲೆ ಅವರ ಮುತ್ತಜ್ಜಿಯ ಕತೆ ತೆಗೆದರು. ಆ ಕಾಲದಲ್ಲಿ ಗಂಡ ಎರಡನೆಯವಳನ್ನು ಮಾಡಿಕೊಳ್ಳುವಾಗ ಮೊದಲನೆಯವಳೇ ಆ ಹುಡುಗಿಯ ಕೈ ಹಿಡಿದು ಗಂಡನ ಕೈಯಲ್ಲಿ ಇಡಬೇಕಾಗಿತ್ತಂತೆ. ಅವಳ ಒಪ್ಪಿಗೆ ಇದೆ ಎಂಬುದಕ್ಕೆ ಅದೇ ಗುರುತು. ಮುತ್ತಜ್ಜಿ ದಿನಾಲೂ ಡೈರಿ ಬರೆಯುವವಳಂತೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ಇವತ್ತು ಸೋಪು ಬೇಯಿಸಿದೆವು, ಗಾಳಿ ಇತ್ತು. ‘ಆ ಪುಟ ನನ್ನ ಹತ್ತಿರ ಇದೆ, ನಾನು ಅದನ್ನು ಎಂದೂ ಹೆಣ್ಣುಮಕ್ಕಳಿಗೆ ತೋರಿಸಿಲ್ಲ’ ಎಂದರು.

ನಿನ್ನ ಬಿಷಪ್ ಕೇಳಿದ ಕಾಗದದ ವಿಷಯ ಅವರಿಗೆ ಮೊದಲೇ ಹೇಳಿದ್ದೆ. ಕಾರಿನಲ್ಲಿ ಕೂತ ಮೇಲೆ ಕೇಳಿದರು: ‘ಮಧುರಾಳ ಕಾಗದ ಯಾರು ಬರೆದದ್ದು? ಅವಳೋ, ನೀನೋ?’ ನಾನು ಕಾರು ಸ್ಟಾರ್ಟ್ ಮಾಡಿದೆ. ಅವರೂ ಮತ್ತೆ ಕೇಳಲಿಲ್ಲ.

ಆ ಕಲ್ಲನ್ನು ನಾನು ಮೊದಲು ಎಲ್ಲಿ ನೋಡಿದ್ದೆ ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ತುಮಕೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸ್ಟುಡಿಯೋ ಫೋಟೋ ಇತ್ತು. ನಡುವೆ ಕುರ್ಚಿಯಲ್ಲಿ ನಿನ್ನ ತಾತ ರಾಮಲಿಂಗಪ್ಪನವರು, ಎಡಕ್ಕೆ ನಿನ್ನ ಅಜ್ಜಿ ರೇಣುಕಾದೇವಿ, ಬಲಕ್ಕೆ ಚಿಕ್ಕಮ್ಮ ಸಿದ್ದೇಶ್ವರಿ. ಅಜ್ಜಿ ನೆಲ ನೋಡುತ್ತಿದ್ದಾಳೆ. ತಾತನಿಗೆ ಇಬ್ಬರು ಹೆಂಡಿರು ಎಂದು ನಿನಗೆ ಗೊತ್ತು. ಹೇಗೆ ಇಬ್ಬರಾದರು ಎಂದು ನಾನು ಯಾವತ್ತೂ ಹೇಳಿಲ್ಲ.

1973. ನಾನು ಆರನೇ ಕ್ಲಾಸು. ನಾನೊಬ್ಬಳೇ ಮಗಳು, ಗಂಡುಮಗುವಿಲ್ಲ. ಅಪ್ಪನದು ಪ್ರಿಂಟಿಂಗ್ ಪ್ರೆಸ್ಸು, ಊರಿನ ಅರ್ಧ ಮದುವೆ ಕಾಗದಗಳು ಅಲ್ಲೇ ಅಚ್ಚಾಗುತ್ತಿದ್ದವು. ಒಂದು ಸಂಜೆ ಒಂದು ಛಾಪಾ ಕಾಗದ ತಂದು ನನ್ನ ಮುಂದೆ ಇಟ್ಟರು. ಪ್ರೆಸ್ಸಿನಲ್ಲಿ ಮಾಡಿಸಿದರೆ ಅಚ್ಚಿನ ಮೊಳೆ ಜೋಡಿಸುವವನೇ ಊರೆಲ್ಲ ಹೇಳಿಕೊಂಡು ಬರುತ್ತಾನೆ, ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ ಎಂದರು. ಅವರು ಹೇಳುತ್ತಾ ಹೋದರು, ನಾನು ಬರೆದೆ. ‘ನನ್ನ ಪತಿಯವರು ಮತ್ತೊಂದು ವಿವಾಹ ಮಾಡಿಕೊಳ್ಳಲು ನನ್ನ ಪೂರ್ಣ ಸಮ್ಮತಿ ಇರುತ್ತದೆ. ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ.’ ಒಂದು ಕಡೆಯೂ ಚಿತ್ತಾಗಲಿಲ್ಲ. ‘ಸಮ್ಮತಿ ಅಂದ್ರೇನಪ್ಪ’ ಎಂದು ಕೇಳಿದೆ. ‘ಸರಿ ಅಂತ. ಬರಿ ನೀನು’ ಎಂದರು. ಕಾನೂನಿನಲ್ಲಿ ಆ ಕಾಗದಕ್ಕೆ ಬೆಲೆಯೇ ಇರಲಿಲ್ಲ ಎಂದು ದೊಡ್ಡವಳಾದ ಮೇಲೆ ತಿಳಿಯಿತು. ಅವರಿಗೆ ಬೇಕಾಗಿದ್ದದ್ದು ಬೀಗರ ಮುಂದೆ, ನೆಂಟರ ಮುಂದೆ ತೋರಿಸಲು.

ಅವ್ವ ಒಳಗೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಅವಳಿಗೆ ಬರುತ್ತಿದ್ದದ್ದು ಸಹಿ ಹಾಕುವಷ್ಟು ಅಕ್ಷರ ಮಾತ್ರ. ಕಾಗದ ತೆಗೆದುಕೊಂಡು ಹೋದೆ. ‘ಏನವ್ವ ಬರ್ದಿದ್ದೀಯ, ಓದು’ ಎಂದಳು. ನಾನು ಸ್ಕೂಲಿನಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ, ಹೆಮ್ಮೆಯಿಂದ ಓದಿದೆ. ಅವಳು ಕೊನೆಯ ತನಕ ಕೇಳಿದಳು. ಸೆರಗಿಗೆ ಕೈ ಒರೆಸಿಕೊಂಡಳು. ‘ತುಂಬಾ ಚೆನ್ನಾಗ್ ಬರ್ದಿದ್ದೀಯ ಕಣವ್ವ’ ಎಂದು ಹೇಳಿ, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದಳು. ಆಮೇಲೆ ಮತ್ತೆ ಮೊರ ತೆಗೆದುಕೊಂಡಳು.

ನೀನು ಕಳಿಸಿದ ಮೆಸೇಜ್ ಓದಿ ನನಗೇಕೆ ಹಾಗಾಯಿತು ಎಂದು ಈಗ ನಿನಗೆ ಗೊತ್ತಾಗಿರಬೇಕು. ಐವತ್ತೊಂದು ವರ್ಷದ ಮೇಲೆ ನಾನು ಮತ್ತೆ ಅದೇ ಕಾಗದ ಬರೆದೆ. ಈ ಸಲ ಯಾರೂ ಹೇಳಿ ಬರೆಸಲಿಲ್ಲ. ಈ ಸಲ ಅರ್ಥ ಗೊತ್ತಿತ್ತು.

ಚಿಕ್ಕಮ್ಮ ಬಂದಮೇಲಿನ ಮನೆಯ ಬಗ್ಗೆ ಬಹಳ ಬರೆಯುವುದಿಲ್ಲ. ಅವಳು ಕೆಟ್ಟವಳಲ್ಲ, ಹತ್ತೊಂಬತ್ತರ ಹುಡುಗಿ, ಅವಳನ್ನೂ ಯಾರೂ ಕೇಳಿರಲಿಲ್ಲ. ವರ್ಷದಲ್ಲಿ ದಾನಪ್ಪ ಹುಟ್ಟಿದ. ಭೀಮನ ಅಮಾವಾಸ್ಯೆ ದಿನ ಇಬ್ಬರೂ ಅಪ್ಪನ ಪಾದಪೂಜೆ ಮಾಡುತ್ತಿದ್ದರು, ಮೊದಲು ಅವ್ವ, ಆಮೇಲೆ ಚಿಕ್ಕಮ್ಮ. ‘ಏನೇ ಆದ್ರೂ ಮೊದಲ ಸ್ಥಾನ ನಿಂದೇ’ ಎಂದು ಬಂದವರೆಲ್ಲ ಅವ್ವನಿಗೆ ಹೇಳಿ ಹೋಗುತ್ತಿದ್ದರು. ಅವಳು ಊಟ ಬಡಿಸುತ್ತಿದ್ದಳು. 1994ರಲ್ಲಿ ಹೋದಳು, ನೀನು ಆಗ ಕೈಗೂಸು. ಅಪ್ಪ ಬೇಡವೆಂದರೂ ನಾನು ಹಟ ಹಿಡಿದು ಅವಳನ್ನು ತವರಿನ ಹೊಲಕ್ಕೆ, ಕುಣಿಗಲ್ ಕಡೆಗೆ ಒಯ್ದು ಮಣ್ಣು ಮಾಡಿಸಿದೆ. ಅಷ್ಟು ಜನರ ಎದುರು ನಾನು ಅಪ್ಪನಿಗೆ ತಿರುಗಿ ಮಾತಾಡಿದ್ದು ಅದೊಂದೇ ದಿನ.

ಈಗ ಯೋಚಿಸು, ಶಾರ್ಲಟ್‌ಗೆ ಬಂದ ಎರಡನೇ ವರ್ಷ ಅಪಾರ್ಟ್‌ಮೆಂಟಿನ ಬಾಗಿಲಿಗೆ ಇಬ್ಬರು ಮಿಷನರಿ ಹುಡುಗಿಯರು ಬಂದು ನನ್ನ ಕೈಗೆ ಏನು ಕೊಟ್ಟರು ಎಂದು. ಒಂದು ಚಿತ್ರ. ಹುಲ್ಲಿನ ಮೇಲೆ ಕೂತ ಒಂದು ಸಂಸಾರ. ಒಬ್ಬ ಗಂಡ, ಒಬ್ಬ ಹೆಂಡತಿ, ಮಕ್ಕಳು. ಕುಟುಂಬ ಎಂದೆಂದಿಗೂ ಎಂದು ಕೆಳಗೆ ಬರೆದಿತ್ತು. ಅವರು ದೇವರ ಬಗ್ಗೆ ಎರಡು ಗಂಟೆ ಮಾತಾಡಿದರು, ನನ್ನ ಕಿವಿಗೆ ಒಂದೂ ಬೀಳಲಿಲ್ಲ. ನಾನು ಆ ಒಬ್ಬಳು ಹೆಂಡತಿಯನ್ನು ನೋಡುತ್ತಿದ್ದೆ. ಇಂಥ ಕಡೆ ನನ್ನ ಮಗಳು ಬೆಳೆಯಲಿ ಅಂದುಕೊಂಡೆ. ನಿಮ್ಮಪ್ಪನನ್ನು ನಾನೇ ಎಳೆದುಕೊಂಡು ಹೋದದ್ದು, ಅವರಿಗೆ ಇಡ್ಲಿ, ಕ್ರಿಕೆಟ್ ಇದ್ದರೆ ಸಾಕಾಗಿತ್ತು. ಚರ್ಚಿನ ನಿಯಮವೆಂದು ಕಾಫಿಯನ್ನೂ ಬಿಟ್ಟೆವು. ಊರಿನವರು ಜಾತಿ ಕೆಟ್ಟರು ಎಂದರು, ಅನ್ನಿಸಿಕೊಂಡೆವು. ಹಳೆಯ ಕಾಲದ ಹೆಂಡಿರ ವಿಷಯ ಗೊತ್ತಾಗಲು ಐದು ವರ್ಷ, ಗಂಡಸಿಗೆ ಇಬ್ಬರನ್ನು ಸೀಲ್ ಮಾಡುತ್ತಾರೆ ಎಂದು ಗೊತ್ತಾಗಲು ಇನ್ನೂ ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಬೇರು ಬಿಟ್ಟಾಗಿತ್ತು. ನಾನು ಅದನ್ನು ಎತ್ತಿ ಅಟ್ಟದ ಮೇಲೆ ಇಟ್ಟೆ. ನಮ್ಮ ಚರ್ಚಿನ ಎಷ್ಟೋ ಹೆಂಗಸರು ಹಾಗೆ ಇಟ್ಟುಕೊಂಡಿದ್ದಾರೆ ಎಂದು ಈಗ ಅನಿಸುತ್ತದೆ. ಒಬ್ಬರೂ ಬಾಯಿ ಬಿಡುವುದಿಲ್ಲ, ಎಲ್ಲರೂ ಗಂಡನಿಗಿಂತ ಮೊದಲು ಸಾಯಬಾರದೆಂದು ಬೇಡಿಕೊಳ್ಳುತ್ತಾರೆ.

ನಿಮ್ಮಪ್ಪನನ್ನು ಮೊನ್ನೆ ಕೇಳಿದೆ, ‘ನಾನ್ ಮೊದ್ಲು ಹೋದ್ರೆ ನೀವು?’ ಎಂದು. ‘ಈ ಸೊಂಟ ನೋಡಿ ಯಾರ್ ಕೊಡ್ತಾರೆ ನಂಗೆ ಹೆಣ್ಣು’ ಎಂದು ನಕ್ಕರು. ನಾನು ನಗಲಿಲ್ಲ. ಆಮೇಲೆ ಟಿವಿ ಆಫ್ ಮಾಡಿ ‘ದೇವರು ಅನ್ಯಾಯ ಮಾಡಲ್ಲ ಶ್ರೀ’ ಎಂದರು. ಒಳ್ಳೆಯ ಮನುಷ್ಯ. ಆದರೆ ‘ಇಲ್ಲ, ಮಾಡಿಕೊಳ್ಳಲ್ಲ’ ಎನ್ನುವ ಎರಡು ಮಾತು ಅವರ ಬಾಯಿಂದ ಬರಲಿಲ್ಲ.

ನಿನ್ನ ಮದುವೆಯ ಹಿಂದಿನ ದಿನ ನೆನಪಿದೆಯಾ? 2017, ಜೂನ್. ವಾಷಿಂಗ್ಟನ್ ಟೆಂಪಲ್ ರಿಪೇರಿಗೆ ಮುಚ್ಚುವ ಹಿಂದಿನ ವರ್ಷ. ಅಷ್ಟು ಹೊತ್ತಿಗೆ ಅಪ್ಪ, ಚಿಕ್ಕಮ್ಮ ಇಬ್ಬರೂ ಹೋಗಿದ್ದರು. ಸತ್ತ ಹಿರಿಯರ ಪರವಾಗಿ ನಾವೇ ನಿಂತು ಅವರಿಗೂ ಸೀಲಿಂಗ್ ಮಾಡಿಸಬಹುದಲ್ಲ, ಮಗಳ ಮದುವೆಗೆ ನನ್ನ ಕಡೆಯವರೂ ಬಂದ ಹಾಗಾಗಲಿ ಎಂದು ನಾನು ಹೆಸರುಗಳನ್ನು ಹೊಂದಿಸಿಕೊಂಡು ಬಂದಿದ್ದೆ. ಒಳಗಿನ ಮಾತು ಹೊರಗೆ ಬರೆಯಬಾರದು, ಬರೆಯುವುದಿಲ್ಲ. ನೀನು ಅಜ್ಜಿಯ ಪರವಾಗಿ ಮಂಡಿಯೂರಿದೆ. ತಾತನ ಪರವಾಗಿ ಟ್ಯಾನರ್, ಎದುರಿಗೆ. ಕೈ ಹಿಡಿದುಕೊಂಡಿರಿ. ಬಿಳಿ ಬಟ್ಟೆಯಲ್ಲಿ ನೀವಿಬ್ಬರೂ ಎಷ್ಟು ಚೆನ್ನಾಗಿ ಕಾಣುತ್ತಿದ್ದಿರಿ ಎಂದರೆ ನಾನು ಅತ್ತೆ. ಆಮೇಲೆ ನೀನು ಎದ್ದೆ, ಚಿಕ್ಕಮ್ಮನ ಪರವಾಗಿ ಅದೇ ಜಾಗದಲ್ಲಿ ನಾನು ಮಂಡಿಯೂರಿದೆ. ಚಿಕ್ಕಮ್ಮನದಕ್ಕೆ ದಾನಪ್ಪನ ಅನುಮತಿ ಬೇಕಾಗಿತ್ತು, ಫೋನ್ ಮಾಡಿ ಕೇಳಿದ್ದೆ. ‘ಅಲ್ಲಿ ಅವರ ಹೆಸರಲ್ಲಿ ಪೂಜೆ ಮಾಡುಸ್ತೀಯಾ ಅಕ್ಕ? ಮಾಡ್ಸು’ ಎಂದಿದ್ದ.

ಮಗಳೇ, ಬಿಷಪ್ಪರಿಗೆ ನೀನೇ ಬರಿ, ನಿನ್ನ ಮಾತಿನಲ್ಲಿ. ‘ನನಗೆ ಆಕ್ಷೇಪಣೆ ಇದೆ’ ಎಂದು ಅನಿಸಿದರೆ ಹಾಗೇ ಬರಿ. ‘ಅವನು ಯಾರನ್ನಾದರೂ ಮಾಡಿಕೊಳ್ಳಲಿ, ನನ್ನ ಹೆಸರು ತೆಗೆದುಹಾಕಿ’ ಎಂದು ಬರೆದರೂ ಸರಿ. ನೀನು ಅ ಕಲಿತಾಗಿನಿಂದ ನಿನ್ನ ಹಿಂದೆ ನಿಂತು ತಿದ್ದುತ್ತಾ ಬಂದಿದ್ದೇನೆ, ಇದೊಂದನ್ನು ತಿದ್ದುವುದಿಲ್ಲ. ಅಲ್ಲಿ ಒಂಟಿಯಾಗುತ್ತೀಯ ಎಂದು ಹೆದರಿಸಿದೆನಲ್ಲ, ಅದನ್ನೂ ಹರಿದುಹಾಕು. ಒಂಟಿಯಾಗಿ ನೆಮ್ಮದಿಯಾಗಿದ್ದ ಹೆಂಗಸರನ್ನು ನಾನು ನೋಡಿದ್ದೇನೆ. ಫೋಟೋದಲ್ಲಿ ಗಂಡನ ಪಕ್ಕ ನಿಂತು ನೆಲ ನೋಡುತ್ತಿದ್ದವಳನ್ನೂ ನೋಡಿದ್ದೇನೆ.

ಥ್ಯಾಂಕ್ಸ್‌ಗಿವಿಂಗ್‌ಗೆ ಬಾ. ಬರದಿದ್ದರೆ ನಾವೇ ಆಲ್ಡಿಗೆ ಬರುತ್ತೇವೆ, ಬಾಗಿಲು ತೆಗೆ. ನಿನ್ನ ತಲೆಯ ಮೇಲೆ ನನ್ನ ಕೈ ಸದಾ ಇದೆ. ದೇವರು ನಿನ್ನನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ
ಅಮ್ಮ, ಶ್ರೀಲತಾ

ಮರೆತ ಮಾತು: ಮರೆತದ್ದಲ್ಲ, ಪುಟ್ಟಿ. ಸಹಿ ಹಾಕಿದ ಮೇಲಾದರೂ ಧೈರ್ಯ ಬರುತ್ತದೇನೋ ಎಂದು ಇಲ್ಲಿಯ ತನಕ ತಳ್ಳಿಕೊಂಡು ಬಂದೆ. ಅವ್ವನನ್ನು ತವರಿನ ಹೊಲಕ್ಕೆ ಯಾಕೆ ಒಯ್ದೆ ಎಂದು ಬರೆಯಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ದಿನ ಮಧ್ಯಾಹ್ನ ಅಪ್ಪ ಊಟಕ್ಕೆ ಹೋಗಿದ್ದರು. ಅವ್ವ ನನ್ನ ಕೈ ಹಿಡಿದು ಹೇಳಿದಳು: ‘ನನ್ನ ಅವರ ತೋಟದಾಗೆ ಇಡಬೇಡ ಕಣವ್ವ. ಅಲ್ಲಿಗಾದ್ರೂ ಅವರ ಹಿಂದೆ ನನ್ನ ಕಳಿಸಬೇಡ. ಇಲ್ಲಿಗೆ ಮುಗೀಲಿ.’ ನಾನು ಆಗಲಿ ಎಂದು ಮಾತು ಕೊಟ್ಟೆ. ದೇಹವನ್ನು ಅಲ್ಲಿಂದ ತಪ್ಪಿಸಿ ಒಯ್ದೆ. ಇಪ್ಪತ್ತಮೂರು ವರ್ಷ ಅವಳು ಒಬ್ಬಳೇ ನೆಮ್ಮದಿಯಾಗಿ ಮಲಗಿದ್ದಳು. ಆಮೇಲೆ ನಾನು ಅವಳ ಹೆಸರನ್ನು ಟೆಂಪಲ್‌ನ ಕಾರ್ಡಿನ ಮೇಲೆ ಬರೆದು, ನಿನ್ನ ಮಂಡಿ ಊರಿಸಿ, ನಿನ್ನ ಬಾಯಲ್ಲಿ ಹೂಂ ಅನ್ನಿಸಿ, ಅವಳನ್ನು ಅವರಿಗೇ ಕಟ್ಟಿಬಂದೆ. ಎಂದೆಂದಿಗೂ. ಪಕ್ಕದಲ್ಲಿ ಚಿಕ್ಕಮ್ಮನನ್ನೂ ನಿಲ್ಲಿಸಿದೆ.

ಅವಳ ಮಾತು ಆಗ ನೆನಪಿರಲಿಲ್ಲ ಎಂದು ಹೇಳಿದರೆ ನೀನು ನಂಬುತ್ತೀಯ, ಅದಕ್ಕೇ ಹೇಳುವುದಿಲ್ಲ. ನೆನಪಿತ್ತು. ಅಲ್ಲಿಗೆ ಹೋದ ಮೇಲೆ ಮನಸ್ಸು ಬದಲಾಗಿರುತ್ತದೆ ಅಂದುಕೊಂಡೆ. ಅವಳ ಹೆಸರನ್ನು ಮೊದಲು ಕರೆಯುತ್ತಾರೆ, ಮೊದಲ ಸ್ಥಾನ ಅವಳದೇ ಎಂದು ಖುಷಿಪಟ್ಟೆ. ಮನೆಗೆ ಬಂದ ನೆಂಟರು ಹೇಳುತ್ತಿದ್ದದ್ದೂ ಅದೇ ಮಾತು ಎಂದು ನನಗೆ ಹೊಳೆಯಲೇ ಇಲ್ಲ.

ನಮ್ಮ ಬಿಷಪ್ ಹತ್ತಿರ ಹೋಗಿದ್ದೆ, ಅವ್ವನ ಆ ಗಂಟು ಬಿಡಿಸಲು ಆಗುತ್ತದೆಯೇ ಎಂದು ಕೇಳಲು. ನಿನ್ನ ವಯಸ್ಸಿನ ಹುಡುಗ, ಒಳ್ಳೆಯವನು. ಕಾಗದ ಬರೆದುಕೊಡಿ, ಮೇಲೆ ಕಳಿಸುತ್ತೇನೆ, ಏನಾಗುತ್ತದೋ ಗೊತ್ತಿಲ್ಲ ಎಂದ. ನಾನು ಅಳುವುದನ್ನು ನೋಡಿ ಸಮಾಧಾನ ಹೇಳಿದ. ನಾವು ಇಲ್ಲಿ ಮಾಡಿಸಿದ್ದನ್ನು ಸತ್ತವರು ಅಲ್ಲಿ ಒಪ್ಪಲೇಬೇಕೆಂದಿಲ್ಲವಂತೆ, ಅವರಿಗೆ ಬೇಡ ಎನ್ನುವ ಹಕ್ಕು ಇದೆಯಂತೆ, ನಿಮ್ಮ ತಾಯಿ ಬೇಡವಾದರೆ ಅಲ್ಲೇ ಹೇಳುತ್ತಾರೆ ಎಂದ.

ಅವಳು ಬದುಕಿನಲ್ಲಿ ಬೇಡ ಎಂದದ್ದು ಒಂದೇ ಸಲ. ಹೇಳಿದ್ದು ನನ್ನೊಬ್ಬಳಿಗೆ.